ಮುಚ್ಚಿದ ಹಗೇವಿನೊಳಗಿನ ಹುಳು

ನಾಗಮಂಗಲ, ಕೃಷ್ಣರಾಜಪೇಟೆಗಳ ಕಡೆಯ ಹಿರಿಯರಿಗೆ ಹಗೇವು ಎಂದರೇನೆಂದು ಹೇಳಬೇಕಾದುದಿಲ್ಲ. ನೆಲವನ್ನು ಅಗೆದು, ಒಳಗೆ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣೆಳೆದುಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ದಾರಿಹೋಕನ ಕಣ್ಣಿಗೆ ಅದು ಬರಿಯ ನೆಲ. ಮನೆಯವರಿಗೆ ಬರಗಾಲದ ಆಸರೆ. ಈ ಹಗೇವಿನ ವಿಷಯದಲ್ಲಿ ಹಿರಿಯರದೊಂದು ಕಟ್ಟುಪಾಡಿತ್ತು. ಬಾಯಿ ತೆರೆದ ಕೂಡಲೆ ಯಾರೂ ಒಳಕ್ಕೆ ಇಳಿಯಬಾರದು. ಒಳಗೆ ಕಟ್ಟಿಕೊಂಡ ಕೆಟ್ಟ ಗಾಳಿ ಹೊರಹೋಗುವ ತನಕ ಕಾಯಬೇಕು. ಅವಸರಪಟ್ಟು ಇಳಿದವರ ಜೀವಕ್ಕೇ ಅಪಾಯವಿತ್ತು.

ಇಂದು ಈ ಮಾತನ್ನು ಎತ್ತಿದುದಕ್ಕೆ ಕಾರಣವಿದೆ. ತಮ್ಮ ಮನೆಯಲ್ಲಿರುವ ಗಣಕಯಂತ್ರದೊಳಗೂ ಇಂಥದೊಂದು ಹಗೇವು ಉಂಟು. ವಿಂಡೋಸ್ ವ್ಯವಸ್ಥೆಯಲ್ಲಿ ಅದರ ಹೆಸರು ‘ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಶನ್’. ಇದು ಸಾಮಾನ್ಯವಾಗಿ ಕಣ್ಣಿಗೆ ಬೀಳದ ಫೋಲ್ಡರು. ಯಂತ್ರದ ಯಜಮಾನರೇ ತೆರೆಯಹೋದರೂ ‘ಪ್ರವೇಶವಿಲ್ಲ’ ಎಂಬ ಉತ್ತರ ಬರುತ್ತದೆ. ಯಂತ್ರ ಎಂದಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಬೇಕಾದ ಹಳೆಯ ಪ್ರತಿಗಳನ್ನು ವಿಂಡೋಸ್ ಅಲ್ಲಿ ಕೂಡಿಡುತ್ತದೆ. ಒಂದು ದಿನ ವೈರಸ್ ಹಿಡಿಯುವ ತಂತ್ರಾಂಶವು ‘ಈ ಫೋಲ್ಡರಿನಲ್ಲಿ ವೈರಸ್ ಇದೆ, ತೆಗೆಯಲಾಗಲಿಲ್ಲ’ ಎಂದು ಸಾರುತ್ತದೆ. ಆಗ ಮನೆಯಲ್ಲಿ ಗಾಬರಿ. ಮಗಳ ಮದುವೆಯ ಚಿತ್ರಗಳು, ಮಗನ ಅಂಕಪಟ್ಟಿ, ಜಮೀನಿನ ಪಹಣಿಯ ಪ್ರತಿ, ಅಂಗಡಿಯ ಲೆಕ್ಕ ಎಲ್ಲವೂ ಅದರೊಳಗೇ ಇವೆಯಲ್ಲ! ಎಲ್ಲವನ್ನೂ ಅಳಿಸಿ ಹೊಸದಾಗಿ ಮಾಡಿಸಿಬಿಡೋಣ ಎಂದು ಕೆಲವರು ಹೊರಡುತ್ತಾರೆ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡಂತೆ ಇದು.

ವೈರಸ್ ಎಂಬ ಲ್ಯಾಟಿನ್ ಮಾತಿಗೆ ವಿಷವೆಂದೇ ಅರ್ಥ. ನಮ್ಮ ‘ವಿಷ’ ಶಬ್ದಕ್ಕೂ ಅದಕ್ಕೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಗಣಕದ ವೈರಸ್ಸಾದರೋ ಜೀವಿಯಲ್ಲ; ಕೇಡಿಗಾಗಿ ಮನುಷ್ಯರು ಬರೆದ ಆಜ್ಞೆಗಳ ಒಂದು ಕಟ್ಟು. ಅವಿತುಕೊಳ್ಳುವುದು ಅದರ ಹುಟ್ಟುಗುಣ. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದ ‘ಬ್ರೇನ್’ ಎಂಬುದನ್ನು ಐಬಿಎಂ ಮಾದರಿಯ ಗಣಕಗಳ ಮೊದಲ ವೈರಸ್ ಎನ್ನುತ್ತಾರೆ. ಅದು ಫ್ಲಾಪಿ ತಟ್ಟೆಯ ಕೆಲವು ಭಾಗಗಳನ್ನು ‘ಕೆಟ್ಟಿವೆ’ ಎಂದು ಗುರುತುಮಾಡಿ ಅಲ್ಲೇ ಅಡಗಿ ಕುಳಿತಿತ್ತು. ಪಾಳುಮನೆಗೆ ಯಾರೂ ಬರರೆಂದು ಕಳ್ಳನು ಅಲ್ಲಿ ತಂಗಿದಂತೆ.

ಹಗೇವಿನೊಳಕ್ಕೆ ಅದು ಹೊಕ್ಕದ್ದು ಹೇಗೆ? ಯಂತ್ರಕ್ಕೆ ಸೋಂಕು ತಗಲಿದ್ದ ದಿನ ವಿಂಡೋಸ್ ತನ್ನ ರೂಢಿಯಂತೆ ಹಳೆಯ ಪ್ರತಿಯೊಂದನ್ನು ಕೂಡಿಟ್ಟಿರುತ್ತದೆ. ಕಾಳಿನ ಜೊತೆಗೆ ಹುಳುವೂ ಒಳಗೆ ಹೋಯಿತು, ಅಷ್ಟೆ. ಇಲ್ಲಿ ಒಂದು ಸಮಾಧಾನವಿದೆ. ಹಳೆಯ ಪ್ರತಿಯೊಳಗೆ ಮುಚ್ಚಿಟ್ಟ ವೈರಸ್ ತಾನಾಗಿ ಎದ್ದು ಓಡಾಡುವುದಿಲ್ಲ. ಆ ಪ್ರತಿಯಿಂದ ಯಂತ್ರವನ್ನು ಹಿಂದಿನ ಸ್ಥಿತಿಗೆ ಮರಳಿಸಿದರೆ ಅದಕ್ಕೆ ಮತ್ತೆ ಜೀವ ಬಂದೀತು. ಆದ್ದರಿಂದ ಅವಸರವೂ ಬೇಡ, ಉದಾಸೀನವೂ ಬೇಡ. ಕ್ರಮ ಬೇಕು.

ಮೊದಲನೆಯದಾಗಿ, ಯಂತ್ರಕ್ಕೆ ಅಂತರ್ಜಾಲದ ಮೂಲಕ ವಿಂಡೋಸ್‌ನದೂ ವೈರಸ್ ತಡೆಯದೂ ಹೊಸ ತಿದ್ದುಪಡಿಗಳನ್ನು ಹಾಕಿಸಿ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಕಾವಲುಗಾರ ಬೇರೆ ಹಣವಿಲ್ಲದೆ ಇದ್ದೇ ಇರುತ್ತಾನೆ. ಎರಡನೆಯದಾಗಿ, ನಿಮ್ಮ ಮುಖ್ಯ ಕಾಗದಪತ್ರ, ಚಿತ್ರಗಳನ್ನು ಮಾತ್ರ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಕಳಚಿ ಇಡಿ. ಮೂರನೆಯದಾಗಿ, ಇಡೀ ಯಂತ್ರವನ್ನು ಶೋಧಿಸಿ. ಹುಳು ಹಗೇವಿನಲ್ಲಷ್ಟೇ ಅಲ್ಲ, ಅಡುಗೆಮನೆಯಲ್ಲೂ ಇರಬಹುದು. ಅಲ್ಲಿಯದನ್ನು ಮೊದಲು ತೆಗೆಯಬೇಕು. ಹಟಮಾರಿ ವೈರಸ್ಸಿಗೆ ಡಿಫೆಂಡರಿನ ‘ಆಫ್‌ಲೈನ್ ಸ್ಕ್ಯಾನ್’ ಒಳ್ಳೆಯದು. ವಿಂಡೋಸ್ ಪೂರ್ಣವಾಗಿ ಏಳುವ ಮುನ್ನವೇ ಸುಮಾರು 15 ನಿಮಿಷ ಅದು ಹುಡುಕುತ್ತದೆ.

ಯಂತ್ರ ಶುದ್ಧವಾದ ಬಳಿಕವೇ ಹಗೇವಿನ ಸರದಿ. ಫೋಲ್ಡರನ್ನು ಬಲವಂತವಾಗಿ ತೆರೆದು ಒಂದೊಂದನ್ನೇ ಅಳಿಸಲು ಹೋಗಬೇಡಿ. ‘ಸಿಸ್ಟಮ್ ಪ್ರೊಟೆಕ್ಷನ್’ ಎಂಬಲ್ಲಿಗೆ ಹೋಗಿ, ಆ ಡ್ರೈವನ್ನು ಆರಿಸಿ, ‘ಕಾನ್ಫಿಗರ್’ ಒತ್ತಿ, ಹಳೆಯ ಪ್ರತಿಗಳನ್ನೆಲ್ಲ ಅಳಿಸುವಂತೆ ವಿಂಡೋಸ್‌ಗೇ ಅಪ್ಪಣೆ ಕೊಡಿ. ಆಮೇಲೆ ಅಲ್ಲಿಯೇ ಹೊಸ ಪ್ರತಿಯೊಂದನ್ನು ಮಾಡಿ, ಮತ್ತೊಮ್ಮೆ ಶೋಧಿಸಿ. ಕ್ರಮ ತಪ್ಪಿಸಿ ಹಳೆಯ ಪ್ರತಿಗಳನ್ನು ಮೊದಲೇ ಅಳಿಸಿದರೆ, ನಡುವೆ ಯಂತ್ರ ಕೆಟ್ಟಾಗ ಹಿಂದಿರುಗಲು ದಾರಿಯೇ ಇಲ್ಲದಂತಾದೀತು.

ಇನ್ನು ಪೆನ್‌ಡ್ರೈವಿನ ವಿಚಾರ. ಪರೀಕ್ಷೆಯ ದಿನಗಳಲ್ಲಿ ನಮ್ಮ ತಾಲ್ಲೂಕು ಕೇಂದ್ರಗಳ ಜೆರಾಕ್ಸ್ ಅಂಗಡಿಗಳ ಮುಂದೆ ನಿಂತು ನೋಡಿ. ಒಂದೇ ಯಂತ್ರಕ್ಕೆ ಎಷ್ಟು ಊರುಗಳ ಪೆನ್‌ಡ್ರೈವುಗಳು! ಜಾತ್ರೆಯ ಕೆರೆಯ ನೀರನ್ನು ಕುಡಿದಂತೆ ಅದು. 2008ರ ಕೊನೆಯಲ್ಲಿ ಹಬ್ಬಿದ ‘ಕಾನ್‌ಫಿಕರ್’ ಎಂಬ ಹುಳುವಿನ ಒಂದು ಬಗೆ ಹೀಗೆ ಪೆನ್‌ಡ್ರೈವಿನ ಕಸದಬುಟ್ಟಿಯ ಹೆಸರಿನ ಗುಪ್ತ ಫೋಲ್ಡರಿನಲ್ಲಿ ಕುಳಿತು, ಲಕ್ಷಾಂತರ ಯಂತ್ರಗಳನ್ನು ಸೇರಿತು. ಮತ್ತೊಂದು ಬಗೆಯ ವೈರಸ್ ನಿಮ್ಮ ಕಡತಗಳನ್ನೆಲ್ಲ ಮರೆಮಾಡಿ, ಅವುಗಳ ಹೆಸರಿನಲ್ಲಿ ಸುಳ್ಳು ಕೊಂಡಿಗಳನ್ನು ಇಡುತ್ತದೆ. ಎಲ್ಲವೂ ಹೋಯಿತೆಂದು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿಸಬೇಡಿ. ಕಡತಗಳು ಬಹುಮಟ್ಟಿಗೆ ಅಲ್ಲೇ ಇರುತ್ತವೆ. ತಿಳಿದವರು ಮರೆ ಸರಿಸಿ ತೋರಿಸಿಯಾರು.

ಕಂಡದ್ದೆಲ್ಲ ಕಳ್ಳನೂ ಅಲ್ಲ. ಪೆನ್‌ಡ್ರೈವನ್ನು ಟೆಲಿವಿಷನ್ನಿಗೆ ಚುಚ್ಚಿದಾಗ ‘ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಶನ್’ ಎಂಬ ಹೆಸರು ಕಂಡರೆ ಬೆಚ್ಚಬೇಡಿ. ಅದನ್ನು ವಿಂಡೋಸ್ ತಾನೇ ಇಟ್ಟಿರುತ್ತದೆ. ಅಳಿಸಿದರೆ ಮತ್ತೆ ಇಡುತ್ತದೆ.

ಬಾಗಿಲ ವಿಷಯದಲ್ಲಿ ಶ್ರೀರಂಗಪಟ್ಟಣದವರಿಗೆ ಯಾರೂ ಪಾಠ ಹೇಳಬೇಕಾದುದಿಲ್ಲ. 1799ರ ಮೇ 4ರಂದು ಕೋಟೆ ಬಿದ್ದಾಗ ಹೊರಗಿನ ಫಿರಂಗಿಯಷ್ಟೇ ಅಲ್ಲ, ಒಳಗಿನ ದ್ರೋಹವೂ ಕಾರಣವೆಂದು ಜನ ಇಂದಿಗೂ ಆಡಿಕೊಳ್ಳುತ್ತಾರೆ. ಕಾಕತಾಳೀಯವೆಂಬಂತೆ 2000ದ ಮೇ 4ರಂದೇ ‘ಐ ಲವ್ ಯೂ’ ಎಂಬ ಹೆಸರಿನ ಮಿಂಚಂಚೆ ಜಗತ್ತಿನ ಯಂತ್ರಗಳನ್ನು ಹೊಕ್ಕಿತು. ಅದು ಗೋಡೆ ಒಡೆಯಲಿಲ್ಲ. ಪ್ರೇಮಪತ್ರವೆಂದು ನಂಬಿ ಜನರೇ ಬಾಗಿಲು ತೆರೆದರು. ಇಂದು ಮದುವೆಯ ಕರೆಯೋಲೆಯೆಂದೋ ಬ್ಯಾಂಕಿನ ಸೂಚನೆಯೆಂದೋ ಮೊಬೈಲಿಗೆ ಬರುವ ಕಡತಗಳ ಬಗೆಯೂ ಇದೇ.

ಕೊನೆಯದಾಗಿ ಒಂದು ಎಚ್ಚರಿಕೆ. ಯಂತ್ರದೊಳಗಿನ ಹಗೇವನ್ನೇ ನಂಬಿ ಕೂರಬೇಡಿ. 2017ರ ಮೇ 12ರಂದು ಹಬ್ಬಿದ ‘ವನ್ನಾಕ್ರೈ’ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಕೂಡಿಟ್ಟ ಹಳೆಯ ಪ್ರತಿಗಳನ್ನು ಅಳಿಸುವ ಏರ್ಪಾಡೂ ಅದರೊಳಗಿತ್ತು. ಅದನ್ನು ತಡೆಯುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಓಲೆಗರಿಗಳನ್ನು ಜತನದಿಂದ ಕಾಪಾಡಿಕೊಂಡು ಬಂದಿದ್ದಾರೆ. ಹಳೆಯ ಕಾವ್ಯಗಳು ನಮ್ಮ ಕೈಗೆ ಬಂದುದು ಒಂದೇ ಗಟ್ಟಿಯಾದ ಪೆಟ್ಟಿಗೆಯಿಂದಲ್ಲ. ಲಿಪಿಕಾರರು ಬೇರೆ ಬೇರೆ ಊರುಗಳಲ್ಲಿ ಪ್ರತಿ ಮಾಡಿ ಇಟ್ಟದ್ದರಿಂದ. ಒಂದು ಮನೆಯ ಗರಿಗೆ ಹುಳು ಹತ್ತಿದರೆ ಇನ್ನೊಂದು ಮನೆಯದು ಉಳಿಯುತ್ತಿತ್ತು. ನೀವೂ ಹಾಗೆಯೇ ತಿಂಗಳಿಗೊಮ್ಮೆ ಮುಖ್ಯ ಕಡತಗಳ ಪ್ರತಿಯನ್ನು ಯಂತ್ರಕ್ಕೆ ಜೋಡಿಸದ ಡಿಸ್ಕಿನಲ್ಲಿ ಇಡಿ. ಸಾಧ್ಯವಾದರೆ ಇನ್ನೊಂದನ್ನು ನೆಂಟರ ಮನೆಯಲ್ಲಿ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವು ಶುದ್ಧೀಕರಣದ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ. ಹಣವೇ ಕಳುವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಪ್ರತಿ ಇಟ್ಟವನಿಗೆ ಹುಳುವಿನ ಭಯ ಅರ್ಧಕ್ಕರ್ಧ ಕಡಮೆ. ಉಳಿದರ್ಧವನ್ನು ತಾಳ್ಮೆ ನೋಡಿಕೊಳ್ಳುತ್ತದೆ.