ವಿದ್ಯುತ್ ತಾಳವಾದ್ಯ: ಅಣಿಗೊಳಿಸುವ ಬಗೆ, ನುಡಿಸುವ ಬಗೆ



ವಿಜಯಪುರದಿಂದ ಸೋಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ ಝಳಕಿ ಎಂಬ ಊರುಂಟು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಲ್ಲಿರುವಂತೆ ಈ ಸೀಮೆಯಲ್ಲಿಯೂ ಭಜನೆ, ಡೊಳ್ಳು, ಹಲಗಿ, ಕರಡಿಮಜಲುಗಳಿಲ್ಲದೆ ಜಾತ್ರೆಯಿಲ್ಲ, ಹಬ್ಬವಿಲ್ಲ. ಈಗ ಈ ವಾದ್ಯಗಳ ಸಾಲಿನಲ್ಲಿ ಹೊಸ ಅತಿಥಿಯೊಂದು ಬಂದು ಕುಳಿತಿದೆ. ಅದೇ ವಿದ್ಯುತ್ ತಾಳವಾದ್ಯ. ಬಡಿಯಲು ಕೆಲವು ರಬ್ಬರಿನ ಪ್ಯಾಡುಗಳು, ಸದ್ದನ್ನು ಹುಟ್ಟಿಸಲು ಮಾಡ್ಯೂಲ್ ಎಂಬ ಒಂದು ಪೆಟ್ಟಿಗೆ. ಇಷ್ಟೇ ಅದರ ಸಂಸಾರ. ಜಪಾನಿನ ರೋಲ್ಯಾಂಡ್ ಕಂಪನಿ 1985ರಲ್ಲಿ ಎಂಟು ಪ್ಯಾಡುಗಳ ಇಂಥ ಸಾಧನವೊಂದನ್ನು ಆಕ್ಟೋಪ್ಯಾಡ್ ಎಂದು ಕರೆದು ಮಾರಿತು. ನಮ್ಮ ವಾದ್ಯವೃಂದಗಳವರು ಆ ಹೆಸರನ್ನೇ ಇಡೀ ಜಾತಿಗೆ ಇಟ್ಟುಬಿಟ್ಟಿದ್ದಾರೆ.

ಇದು ಬಂದುದು ಒಳ್ಳೆಯದೋ ಕೆಟ್ಟದೋ ಎಂಬ ವಾದ ನಡೆದೇ ಇದೆ. ನನ್ನ ಮಟ್ಟಿಗೆ ಪ್ರಶ್ನೆ ಬೇರೆ. ಅದು ಕೈಯಿಂದ ನುಡಿಯುತ್ತದೆಯೋ, ತಾನೇ ಓಡುತ್ತದೆಯೋ ಎಂಬುದನ್ನು ನಾವು ನೋಡಬೇಕು.

ಝಳಕಿಯ ಸೀಮೆಯಲ್ಲಿಯೇ ಹಲಸಂಗಿ ಇದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವನ್ನು ಹೊರತಂದರು. ಅದರ ಹಾಡುಗಳಲ್ಲಿ ಬಹುಪಾಲು ತ್ರಿಪದಿ. ತ್ರಿಪದಿಯು ಅಂಶಛಂದಸ್ಸಿಗೆ ಸೇರಿದ್ದು. ಅಲ್ಲಿ ಮಾತ್ರೆಗಳನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು. ಹಾಡುವವಳು ಒಂದು ಅಕ್ಷರವನ್ನು ಎಳೆಯುತ್ತಾಳೆ, ಒಂದನ್ನು ಕಿರಿದುಗೊಳಿಸುತ್ತಾಳೆ. ಬೀಸುವ ಕಲ್ಲಿನ ತಿರುವೇ ಅವಳ ತಾಳ. ಅವಳು ನಿಧಾನಿಸಿದರೆ ಕಲ್ಲೂ ನಿಧಾನಿಸುತ್ತಿತ್ತು.

ವಿದ್ಯುತ್ ತಾಳವಾದ್ಯದೊಳಗೆ ಸಿದ್ಧತಾಳಗಳಿರುತ್ತವೆ. ಗುಂಡಿ ಒತ್ತಿದರೆ ನಿಮಿಷಕ್ಕೆ ಇಷ್ಟು ಪೆಟ್ಟು ಎಂದು ಅವು ಓಡತೊಡಗುತ್ತವೆ, ಯಾರಿಗಾಗಿಯೂ ಕಾಯುವುದಿಲ್ಲ. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ ಅವರು ವಿದ್ಯುತ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಗಾಯಕರು ಅದನ್ನು ಒಪ್ಪಿಕೊಂಡರು. ಶ್ರುತಿ ಅಲುಗದೆ ನಿಲ್ಲಬೇಕಾದದ್ದು, ಆದ್ದರಿಂದ ಯಂತ್ರಕ್ಕೆ ಅದು ಒಗ್ಗಿತು. ಆದರೆ ತ್ರಿಪದಿಯ ತಾಳ ಹಾಡುವವರೊಡನೆ ಉಸಿರಾಡಬೇಕಾದದ್ದು. ಸಿದ್ಧತಾಳದ ಹಿಂದೆ ಮುದುಕಿಯೊಬ್ಬಳು ಓಡಿ ಓಡಿ ಹಾಡುವಂತಾದರೆ ಹಾಡಿನ ಜೀವವೇ ಹೋಯಿತು. ಅಂತಲೇ ಈ ವಾದ್ಯವನ್ನು ಕೈಯಿಂದ ನುಡಿಸತಕ್ಕದ್ದು. ಕೈಯ ಮಾತು ಯಂತ್ರಕ್ಕೆ ಸರಿಯಾಗಿ ಕೇಳಿಸಬೇಕಾದರೆ ಅದನ್ನು ಮೊದಲು ಸರಿಯಾಗಿ ಅಣಿಗೊಳಿಸಬೇಕು.

ಪ್ಯಾಡಿನ ಕೆಳಗೆ ಪೀಜೋ ಎಂಬ ಚಿಕ್ಕ ಬಿಲ್ಲೆ ಇರುವುದು ವಾಡಿಕೆ. ಒತ್ತಿದರೆ ವಿದ್ಯುತ್ತನ್ನು ಹುಟ್ಟಿಸುವ ಹರಳುಗಳ ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದರು. ಪೆಟ್ಟು ಬಿದ್ದೊಡನೆ ಬಿಲ್ಲೆಯಿಂದ ಸಣ್ಣ ಮಿಡಿತ ಹೊರಟು ಮಾಡ್ಯೂಲನ್ನು ಸೇರುತ್ತದೆ. ಮಾಡ್ಯೂಲು ಆ ಮಿಡಿತದ ಬಲವನ್ನು ಅಳೆದು, ತನ್ನಲ್ಲಿ ಕೂಡಿಟ್ಟ ಸದ್ದನ್ನು ಅಷ್ಟೇ ಬಲದಲ್ಲಿ ಹೊರಡಿಸುತ್ತದೆ. 1983ರಲ್ಲಿ ರೂಢಿಗೆ ಬಂದ ಮಿಡಿ ಎಂಬ ಸಂಕೇತಪದ್ಧತಿಯಲ್ಲಿ ಈ ಬಲಕ್ಕೆ 1ರಿಂದ 127ರವರೆಗೆ ಅಂಕಗಳುಂಟು.

ಮೊದಲು ಜೋಡಣೆ. ಎಲ್ಲವನ್ನೂ ಆರಿಸಿಟ್ಟು ತಂತಿಗಳನ್ನು ಸಿಕ್ಕಿಸಿರಿ. ಯಂತ್ರದೊಡನೆ ಬಂದ ಅಡಾಪ್ಟರನ್ನೇ ಬಳಸಿರಿ. ಮತ್ತೊಂದರ ಧನ-ಋಣ ತಿರುವುಮುರುವಾಗಿದ್ದರೆ ಯಂತ್ರ ಸುಟ್ಟೀತು. ಧ್ವನಿವರ್ಧಕ ಒಂದೇ ಇದ್ದರೆ ಎಡಬದಿಯ, ಮೋನೋ ಎಂದು ಬರೆದ ರಂಧ್ರಕ್ಕೆ ತಂತಿ ಹಾಕಿರಿ. ಸದ್ದಿನ ತಿರುಪನ್ನು ಸೊನ್ನೆಗೆ ಇಳಿಸಿ, ಮೊದಲು ಮಾಡ್ಯೂಲನ್ನೂ ಕೊನೆಗೆ ಆಂಪ್ಲಿಫಾಯರನ್ನೂ ಹೊತ್ತಿಸಿರಿ. ಆರಿಸುವಾಗ ಆಂಪ್ಲಿಫಾಯರು ಮೊದಲು. ಈ ಕ್ರಮ ತಪ್ಪಿದರೆ ಧಡ್ಡೆಂಬ ಹೊಡೆತಕ್ಕೆ ಸ್ಪೀಕರು ಹರಿದೀತು.

ಇನ್ನು ಹದಗೊಳಿಸುವುದು. ಇಲ್ಲಿ ನಾಲ್ಕು ಸಂಗತಿಗಳು ಮುಖ್ಯ. ಮೊದಲನೆಯದು ಸೆನ್ಸಿಟಿವಿಟಿ, ಎಂದರೆ ಯಂತ್ರದ ಕಿವಿಯ ಚುರುಕು. ನಿಮ್ಮ ಅತ್ಯಂತ ಜೋರಿನ ಪೆಟ್ಟಿಗೆ ಮಾತ್ರ ಅಳತೆ ತುದಿ ಮುಟ್ಟುವಂತೆ ಇದನ್ನು ಇಡಬೇಕು. ಹೆಚ್ಚಿಟ್ಟರೆ ಎಲ್ಲ ಪೆಟ್ಟೂ ಒಂದೇ ಗಟ್ಟಿಯಾಗುತ್ತದೆ. ತಗ್ಗಿಸಿಟ್ಟರೆ ನುಡಿಸುವವನು ಕೈ ನೋಯುವಂತೆ ಬಡಿಯುತ್ತಾನೆ. ಎರಡನೆಯದು ಥ್ರೆಶೋಲ್ಡ್, ಇದನ್ನು ಹೊಸ್ತಿಲು ಎನ್ನೋಣ. ಬೆರಳು ಸೋಕುವಷ್ಟು ಮೆಲ್ಲನೆಯ ಪೆಟ್ಟೂ ಹೊಸ್ತಿಲು ದಾಟಿ ಒಳಬರಬೇಕು. ವೇದಿಕೆಯ ಅದುರು ಮಾತ್ರ ಹೊರಗೇ ನಿಲ್ಲಬೇಕು. ಮೂರನೆಯದು ಕ್ರಾಸ್‌ಟಾಕ್. ಒಂದು ಪ್ಯಾಡನ್ನು ಬಡಿದರೆ ನೆರೆಯ ಪ್ಯಾಡೂ ನುಡಿದರೆ ಈ ಅಂಕವನ್ನು ಸ್ವಲ್ಪ ಏರಿಸಬೇಕು. ನಾಲ್ಕನೆಯದು ರೀಟ್ರಿಗರ್. ಒಂದೇ ಪೆಟ್ಟಿಗೆ ಎರಡು ಸದ್ದು ಬಂದರೆ ಇದನ್ನು ಏರಿಸಬೇಕು. ಅತಿಯಾಗಿ ಏರಿಸಿದರೆ ಬೇಗಬೇಗನೆ ಬೀಳುವ ಪೆಟ್ಟುಗಳು ನುಂಗಿಹೋಗುತ್ತವೆ. ಒಂದೊಂದನ್ನೇ ಬದಲಿಸಿ, ನುಡಿಸಿ ನೋಡಿ, ಕೊನೆಗೆ ಸೇವ್ ಮಾಡಿರಿ. ಇದಕ್ಕೊಂದು ಸಂಜೆ ಹಿಡಿದೀತು, ಆದರೆ ಆ ಸಂಜೆ ವ್ಯರ್ಥವಲ್ಲ.

ಸ್ಪೀಕರು ಎಲ್ಲಿರಬೇಕೆಂಬುದೂ ತಿಳಿದಿರಲಿ. ಸದ್ದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಸುಮಾರು 34 ಸೆಂಟಿಮೀಟರು ಸಾಗುತ್ತದೆ. ಸ್ಪೀಕರು ಹತ್ತು ಮೀಟರು ದೂರವಿದ್ದರೆ ನುಡಿಸುವವನಿಗೆ ತನ್ನ ಪೆಟ್ಟೇ ತಡವಾಗಿ ಕೇಳಿಸಿ ಲಯ ಎಳೆಯತೊಡಗುತ್ತದೆ. ಅವನ ಹತ್ತಿರ ಚಿಕ್ಕ ಸ್ಪೀಕರೊಂದಿರಲಿ. ಮನೆಯ ಅಭ್ಯಾಸಕ್ಕೆ ಹೆಡ್‌ಫೋನು ಸಾಕು. ನೆರೆಹೊರೆಯ ನಿದ್ದೆಗೆ ಭಂಗವಿಲ್ಲ. ಇದು ಈ ವಾದ್ಯದ ದೊಡ್ಡ ಉಪಕಾರವೇ ಸರಿ.

ನುಡಿಸಲು ಕಲಿಯುವವರು ಮೊದಲು ಒಂದೇ ಪ್ಯಾಡಿನಲ್ಲಿ ಮೆಲ್ಲನೆಯ, ನಡುತರದ, ಗಟ್ಟಿಯಾದ ಪೆಟ್ಟುಗಳನ್ನು ಸಾಧಿಸಬೇಕು. ಆಮೇಲೆ ಹಾಡುವವರ ಬಾಯನ್ನು ನೋಡುತ್ತ ನುಡಿಸಬೇಕು. ಚಲನಚಿತ್ರಗೀತೆಗೆ ಸಿದ್ಧತಾಳ ಒಪ್ಪಬಹುದು. ತ್ರಿಪದಿಗೆ ಬೇಡ.

ಕೊನೆಯದಾಗಿ ಒಂದು ಮಾತು. ಕೆಲವು ಮಾಡ್ಯೂಲುಗಳು ಹೊರಗಿನ ಸದ್ದನ್ನು ದಾಖಲಿಸಿ ಪ್ಯಾಡಿಗೆ ಕೊಡಬಲ್ಲವು. ಹಲಸಂಗಿಯ ಗೆಳೆಯರಿಗೆ ಕಾಗದದಲ್ಲಿ ಹಿಡಿಯಲು ಸಿಕ್ಕಿದ್ದು ನುಡಿ. ನಮ್ಮ ಸೀಮೆಯ ಹಲಗಿಯ, ಡೊಳ್ಳಿನ ನಾದವನ್ನು ನಾವು ಈಗ ಹಿಡಿದಿಡಬಹುದು. ಪೆಟ್ಟಿಗೆಯೊಳಗಿನ ಪರದೇಶದ ಸದ್ದುಗಳಿಗಿಂತ ಅದು ನಮ್ಮ ಭಜನೆಗೆ ಹೆಚ್ಚು ಒಪ್ಪೀತು. ಆದರೆ ಬೆಂಕಿಗೆ ಕಾಯಿಸಿ ಹಲಗಿಯನ್ನು ಹದಮಾಡುವ ಕೈ ಬೇರೊಬ್ಬರದು. ಆ ವಾದ್ಯವನ್ನು ಒಂದು ಜಾತಿಯ ಹೆಗಲಿಗೆ ಕಟ್ಟಿ, ನಾದವನ್ನು ಬೇಕೆಂದು ನಾದಗಾರನನ್ನು ದೂರ ನಿಲ್ಲಿಸಿದ್ದು ನಮ್ಮ ಸಮಾಜದ ಅನ್ಯಾಯ. ಯಂತ್ರದ ಮೂಲಕ ಅದೇ ಅನ್ಯಾಯ ಮರುಕಳಿಸಬಾರದು. ಅವನ ನಾದವನ್ನು ದಾಖಲಿಸುವವರು ಅವನನ್ನು ಕೇಳಿ ದಾಖಲಿಸಲಿ, ತಕ್ಕ ಸಂಭಾವನೆ ಕೊಡಲಿ, ಹೆಸರು ಹೇಳಲಿ. ಜಾತ್ರೆಯ ದಿನ ಅವನನ್ನೂ ವೇದಿಕೆಗೆ ಕರೆಯಲಿ. ಪ್ಯಾಡು ನುಡಿಸುವ ಹುಡುಗ ಅವನ ಪಕ್ಕದಲ್ಲಿ ಕುಳಿತು ಪೆಟ್ಟಿನ ಏರಿಳಿತವನ್ನು ಕಲಿತುಕೊಳ್ಳಲಿ. ಮಾಡ್ಯೂಲಿನ ಜೊತೆಗೆ ಬರುವ ಕೈಪಿಡಿಯಲ್ಲಿ ಆ ಪಾಠ ಇರುವುದಿಲ್ಲ.