ಮುಖಕ್ಕಿಂತ ಮೊದಲು ಬಂದ ಧ್ವನಿ



ಮಕ್ಕಳಿಂದ ಏನಾದರೂ ಓದಿಸೋಣ ಎಂದು ನಾವು ಹೊರಟಾಗಲೆಲ್ಲ ತಂದೆತಾಯಿಯರಿಂದ ಒಂದೇ ಪ್ರಶ್ನೆ ಬರುತ್ತದೆ. "ಮಗಳು ಮನೇಲಿ ಕನ್ನಡಾನೇ ಮಾತಾಡ್ತಾಳೆ, ಆದ್ರೆ ‘ಳ’ ಅನ್ನೋ ಕಡೆ ‘ಲ’ ಅಂತಾಳೆ. ರೇಡಿಯೋಗೆ ನಡೆಯುತ್ತಾ?" ಪರಊರಲ್ಲಿ ಮಕ್ಕಳನ್ನು ಬೆಳೆಸುವ ನಮ್ಮಂಥವರಿಗೆ ಇದು ಸಣ್ಣ ಪ್ರಶ್ನೆಯೇನಲ್ಲ. ಇವತ್ತು ಇದನ್ನೇ ನೆಪ ಮಾಡಿಕೊಂಡು, ತನ್ನ ಹೆಸರನ್ನೇ ಸರಿಯಾಗಿ ಹೇಳಲಾರದಿದ್ದ ಒಬ್ಬ ಹುಡುಗನ ಕಥೆ ಹೇಳುತ್ತೇನೆ.

ಹುಡುಗನ ಹೆಸರು ಕ್ಲಾಡ್ ರೇನ್ಸ್. ಹುಟ್ಟಿದ್ದು 1889ರ ನವೆಂಬರ್ 10ರಂದು, ಲಂಡನ್ನಿನ ದಕ್ಷಿಣ ಭಾಗದ ಬಡ ಮನೆಯಲ್ಲಿ. ಒಡಹುಟ್ಟಿದವರಲ್ಲಿ ಹೆಚ್ಚಿನವರು ಎಳವೆಯಲ್ಲೇ ತೀರಿಕೊಂಡರು. ತಂದೆ ಫ್ರೆಡ್ ರೇನ್ಸ್ ನಟನೇ ಆದರೂ ಮನೆಯಲ್ಲಿ ಸಮೃದ್ಧಿ ಇರಲಿಲ್ಲ. ಹುಡುಗನ ಮಾತು ಅಪ್ಪಟ ಕಾಕ್ನಿ, ಅಂದರೆ ಲಂಡನ್ನಿನ ಕೂಲಿಕಾರರ ಬೀದಿಯ ಇಂಗ್ಲಿಷ್. ನಮ್ಮ ಹಳೇ ಮೈಸೂರಿನ ಕಡೆ ‘ಹಾಲು’ ‘ಆಲು’ ಆಗುತ್ತದಲ್ಲ, ಹಾಗೆಯೇ ಕಾಕ್ನಿಯಲ್ಲೂ ಮೊದಲಿನ ಹಕಾರ ಜಾರಿಹೋಗುತ್ತದೆ. ಅದು ಸಾಲದು ಎಂಬಂತೆ ತೊದಲು. ಅದರ ಮೇಲೆ, ‘ರ’ಕಾರ ನಾಲಿಗೆಗೆ ಬರುತ್ತಿರಲಿಲ್ಲ. ರೇನ್ಸ್ ಎನ್ನಲು ಹೋದರೆ ‘ವೇನ್ಸ್’ ಎಂದು ಕೇಳುತ್ತಿತ್ತು!

ಇಂಥವನು ಸೇರಿದ್ದು ನಾಟಕಶಾಲೆಗೆ. ಹರ್ಬರ್ಟ್ ಬೀರ್‌ಬೋಮ್ ಟ್ರೀ ನಡೆಸುತ್ತಿದ್ದ ಹಿಸ್ ಮೆಜೆಸ್ಟೀಸ್ ಥಿಯೇಟರಿನಲ್ಲಿ ಕಾಲ್ ಬಾಯ್ ಕೆಲಸ. ನಟರ ಕೋಣೆಯ ಬಾಗಿಲು ತಟ್ಟಿ "ನಿಮ್ಮ ಪ್ರವೇಶ ಬಂತು ಸ್ವಾಮಿ" ಎಂದು ಎಚ್ಚರಿಸುವುದಷ್ಟೇ. ಕೆಲಸ ಚಿಕ್ಕದು, ಆದರೆ ಕಿವಿಗೆ ಅದಕ್ಕಿಂತ ಒಳ್ಳೆಯ ಶಾಲೆ ಯಾವುದಿದೆ? ರೆಕ್ಕೆಪರದೆಯ ಪಕ್ಕದಲ್ಲಿ ನಿಂತು ಷೇಕ್ಸ್‌ಪಿಯರನನ್ನು ರಾತ್ರಿಯ ಮೇಲೆ ರಾತ್ರಿ ಕೇಳಿದ. ಹುಡುಗನ ಆಸೆಯನ್ನು ಗಮನಿಸಿದ ಟ್ರೀ, ಮಾತು ತಿದ್ದಿಕೊಳ್ಳಲು ಕೈಯಿಂದ ಹಣ ಕೊಟ್ಟರು. ಅಲ್ಲಿಂದ ವರ್ಷಗಟ್ಟಲೆ ಸಾಧನೆ. ನಮ್ಮ ಉದ್ಘೋಷಕರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ಅಕ್ಷರಕ್ಕಾಗಿ ಕನ್ನಡಿಯ ಮುಂದೆ ನಿಂತು ನಾಲಿಗೆ ಎಲ್ಲಿ ತಾಗುತ್ತದೆಂದು ನೋಡುವ ಕಷ್ಟ ಹೊರಗಿನವರಿಗೆ ತಮಾಷೆಯಾಗಿ ಕಾಣಬಹುದು, ಮಾಡಿದವರಿಗಲ್ಲ.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ರೇನ್ಸ್ ಲಂಡನ್ ಸ್ಕಾಟಿಷ್ ರೆಜಿಮೆಂಟ್ ಸೇರಿದರು. ಮುಂದೆ ಹಾಲಿವುಡ್ಡಿನಲ್ಲಿ ಹೆಸರು ಮಾಡಿದ ರೊನಾಲ್ಡ್ ಕೋಲ್ಮನ್, ಹರ್ಬರ್ಟ್ ಮಾರ್ಷಲ್ ಕೂಡ ಅದೇ ರೆಜಿಮೆಂಟಿನವರು. ಮಾರ್ಷಲ್ ಕಾಲು ಕಳೆದುಕೊಂಡರು. ರೇನ್ಸ್ ಫ್ರಾನ್ಸಿನ ವಿಮಿ ಬಳಿ ವಿಷಾನಿಲಕ್ಕೆ ಸಿಕ್ಕಿ ಒಂದು ಕಣ್ಣಿನ ದೃಷ್ಟಿಯನ್ನು ಬಹುಪಾಲು ಕಳೆದುಕೊಂಡರು. ಸಾಮಾನ್ಯ ಸಿಪಾಯಿಯಾಗಿ ಹೋದವರು ಕ್ಯಾಪ್ಟನ್ ಆಗಿ ಹಿಂದಿರುಗಿದರು. ಆ ಕಣ್ಣಿನ ವಿಷಯವನ್ನು ಜೀವನಪೂರ್ತಿ ಹೆಚ್ಚು ಜನರಿಗೆ ತಿಳಿಯಗೊಡಲಿಲ್ಲ.

ಯುದ್ಧದ ನಂತರ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್‌ನಲ್ಲಿ ಮೇಷ್ಟ್ರು. ‘ರ’ ಬಾರದಿದ್ದವನು ಈಗ ಅಭಿನಯ ಕಲಿಸುತ್ತಿದ್ದಾನೆ, ನೋಡಿ! ಕಲಿತವರಲ್ಲಿ ಜಾನ್ ಗಿಲ್‌ಗುಡ್, ಚಾರ್ಲ್ಸ್ ಲಾಟನ್ ಇದ್ದರು. ಇಪ್ಪತ್ತರ ದಶಕದಲ್ಲೇ ಅಮೆರಿಕಕ್ಕೆ ಹೋಗಿ ಬ್ರಾಡ್‌ವೇ ರಂಗಭೂಮಿಯಲ್ಲಿ ನೆಲೆ ಕಂಡರು. ಸಿನಿಮಾ ಮಾತ್ರ ದೂರವೇ. 1920ರಲ್ಲಿ ಒಂದು ಮೂಕಿ ಚಿತ್ರ ಬಿಟ್ಟರೆ ಬೇರೇನೂ ಇಲ್ಲ.

ಕೊನೆಗೆ ಸಿಕ್ಕ ಪಾತ್ರವಾದರೂ ಎಂಥದ್ದು! 1933ರ ‘ದಿ ಇನ್ವಿಸಿಬಲ್ ಮ್ಯಾನ್’. ಎಚ್. ಜಿ. ವೆಲ್ಸರ ಕಾದಂಬರಿ, ನಿರ್ದೇಶಕ ಜೇಮ್ಸ್ ವೇಲ್. ನಾಯಕ ಔಷಧಿ ಸೇವಿಸಿ ಅದೃಶ್ಯನಾದ ವಿಜ್ಞಾನಿ. ಚಿತ್ರದುದ್ದಕ್ಕೂ ಬ್ಯಾಂಡೇಜು ಮತ್ತು ಕಪ್ಪು ಕನ್ನಡಕ, ಇಲ್ಲವೇ ಬರಿ ಗಾಳಿ. ಮುಖ ಕಾಣುವುದು ಕಟ್ಟಕಡೆಗೆ, ಸತ್ತ ಮೇಲೆ, ದಿಂಬಿನ ಮೇಲೆ, ಕೆಲವೇ ಕ್ಷಣ. ವೇಲ್ ಅವರಿಗೆ ಬೇಕಾಗಿದ್ದದ್ದು ಧ್ವನಿ. ಚಿತ್ರ ತೆರೆಗೆ ಬಂದ ತಿಂಗಳಲ್ಲೇ ರೇನ್ಸರಿಗೆ 44 ತುಂಬಿತ್ತು. ಆ ವಯಸ್ಸಿನಲ್ಲಿ ಮುಖವನ್ನೇ ತೋರಿಸದೆ ತಾರೆಯಾದರು. ನನಗೆ ಕೇಳಿದರೆ ಅದು ಸಿನಿಮಾ ಅಲ್ಲ, ಚಿತ್ರಗಳಿರುವ ರೇಡಿಯೋ ನಾಟಕ. ಅವಕಾಶ ಸಿಕ್ಕರೆ ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳಿ. ಮೊದಲು ಸೌಜನ್ಯ, ಆಮೇಲೆ ಸಿಡುಕು, ಆಮೇಲೆ ಜಗತ್ತನ್ನೇ ಆಳುವ ಹುಚ್ಚು, ಎಲ್ಲವೂ ಉಸಿರಿನ ಏರಿಳಿತದಲ್ಲೇ ಗೊತ್ತಾಗುತ್ತದೆ.

ಮುಂದಿನ ಪಟ್ಟಿ ದೊಡ್ಡದು. ‘ರಾಬಿನ್ ಹುಡ್’ನ ರಾಜಕುಮಾರ ಜಾನ್, ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ನ ಸೆನೆಟರ್, 1942ರ ‘ಕಾಸಾಬ್ಲಾಂಕಾ’ದಲ್ಲಿ ಲಂಚಕೋರನಾದರೂ ಪ್ರೀತಿ ಹುಟ್ಟಿಸುವ ಪೊಲೀಸ್ ಕ್ಯಾಪ್ಟನ್ ರೆನೋ. ಹಿಚ್‌ಕಾಕರ ‘ನಟೋರಿಯಸ್’ನಲ್ಲಿ ಖಳನೇ, ಆದರೂ ಹೆಂಡತಿಯಿಂದ ಮೋಸಹೋದ ಗಂಡನ ಬಗ್ಗೆ ನಮಗೆ ಅಯ್ಯೋ ಪಾಪ ಎನಿಸುತ್ತದೆ. ಇಂಗ್ರಿಡ್ ಬರ್ಗ್‌ಮನ್ ಎತ್ತರದ ಹೆಣ್ಣು, ರೇನ್ಸ್ ಗಿಡ್ಡ. ಕೆಲವು ಶಾಟ್‌ಗಳಿಗೆ ಅವರನ್ನು ಎತ್ತರಿಸಿ ನಿಲ್ಲಿಸಬೇಕಾಯಿತು. ಒಟ್ಟು ನಾಲ್ಕು ಬಾರಿ ಆಸ್ಕರ್‌ಗೆ ನಾಮಕರಣವಾಯಿತು, ಒಮ್ಮೆಯೂ ಬರಲಿಲ್ಲ. ರಂಗಭೂಮಿ ಮಾತ್ರ ಮರೆಯಲಿಲ್ಲ, 1951ರಲ್ಲಿ ‘ಡಾರ್ಕ್‌ನೆಸ್ ಅಟ್ ನೂನ್’ ನಾಟಕಕ್ಕೆ ಟೋನಿ ಪ್ರಶಸ್ತಿ ಕೊಟ್ಟಿತು. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ದ ಡ್ರೈಡನ್ ಆಗಿ ನಿಮ್ಮಲ್ಲಿ ಹಲವರು ನೋಡಿರಬಹುದು.

ಆರು ಮದುವೆ, ಪೆನ್ಸಿಲ್ವೇನಿಯಾದಲ್ಲಿ ಹೊಲ. 1939ರಲ್ಲಿ ಅಮೆರಿಕದ ಪೌರತ್ವ. 1967ರ ಮೇ 30ರಂದು, 77ನೇ ವಯಸ್ಸಿನಲ್ಲಿ, ನ್ಯೂ ಹ್ಯಾಂಪ್‌ಷೈರ್‌ನಲ್ಲಿ ನಿಧನ.

ಒಂದು ಮಾತು ನನ್ನನ್ನು ಬಿಡುವುದಿಲ್ಲ. ಇಷ್ಟು ಶ್ರಮಪಟ್ಟು ಕಟ್ಟಿದ ಆ ಧ್ವನಿ ಯಾವ ಊರಿನದು? ತಾಯಿಯ ಬೀದಿಯದಂತೂ ಅಲ್ಲ. ಪೂರ್ತಿ ಅಮೆರಿಕದ್ದೂ ಅಲ್ಲ. ತಿದ್ದಿ ತಿದ್ದಿ ಕಾಕ್ನಿಯನ್ನು ಕಳೆದುಕೊಂಡದ್ದು ಅವರಿಗೆ ನಷ್ಟವೋ ಲಾಭವೋ, ನಾನು ಹೇಳಲಾರೆ. ಟ್ರೀ ಹಣ ಕೊಡದೆ ಇದ್ದಿದ್ದರೆ ನಾವು ಇವತ್ತು ಅವರ ಹೆಸರೆತ್ತುತ್ತಿರಲಿಲ್ಲ ಎಂಬುದು ಮಾತ್ರ ನಿಜ. ಮಾತಾಡಲು ಬಿಟ್ಟು, ಆಮೇಲೆ ತಿದ್ದಿದರು. ತಿದ್ದಿಕೊಂಡು ಬಾ ಎಂದು ಹೊರಗೆ ನಿಲ್ಲಿಸಲಿಲ್ಲ.

ಮಗಳು ಜೆಸಿಕಾ ಹೇಳಿದ ಒಂದು ಪ್ರಸಂಗವಿದೆ. ‘ಇನ್ವಿಸಿಬಲ್ ಮ್ಯಾನ್’ ಎಷ್ಟೋ ವರ್ಷಗಳ ಮೇಲೆ ಮತ್ತೆ ಟಾಕೀಸಿಗೆ ಬಂದಿತ್ತು. ಮಗಳಿಗೆ ತೋರಿಸಲು ರೇನ್ಸ್ ಕೋಟು, ಹ್ಯಾಟಿನಲ್ಲಿ ಮುಖ ಮುಚ್ಚಿಕೊಂಡು ಹೋದರು. ಕೌಂಟರಿನಲ್ಲಿ ಟಿಕೆಟ್ ಕೇಳಲು ಬಾಯಿ ಬಿಟ್ಟರೋ ಇಲ್ಲವೋ, ಒಳಗಿದ್ದವರಿಗೆ ಗುರುತು ಸಿಕ್ಕೇಬಿಟ್ಟಿತು. ದುಡ್ಡು ಬೇಡ, ಹಾಗೇ ಒಳಗೆ ಹೋಗಿ ಎಂದರು. ರೇನ್ಸರಿಗೆ ಸಿಟ್ಟು ಬಂತು. ಹಟ ಹಿಡಿದು, ಟಿಕೆಟ್ಟಿನ ಹಣ ಕೊಟ್ಟೇ ಒಳಗೆ ಹೋದರು.