ದಫ್ತರಕ್ಕೆ ಸಿಗದ ಹಿತ್ತಿಲು



ಭಟ್ಕಳ ತಾಲೂಕಿನ ಕಾಯ್ಕಿಣಿ ಎಂದರೆ ಹಲವರಿಗೆ ಪಕ್ಕದ ಮುರ್ಡೇಶ್ವರ ನೆನಪಾಗುತ್ತದೆ. ಸಾಹಿತ್ಯ ಓದುವವರಿಗೆ ಗೌರೀಶ ಕಾಯ್ಕಿಣಿ, ಜಯಂತ ಕಾಯ್ಕಿಣಿ ಅವರ ಹೆಸರು ಹೊಳೆಯುತ್ತದೆ. ನಾನು ಇಂದು ಮಾತಾಡಹೊರಟಿದ್ದು ಆ ಊರಿನ, ಅಲ್ಲಿಂದ ಹೊನ್ನಾವರ, ಕುಮಟಾದವರೆಗಿನ ಊರುಗಳ ಹಿತ್ತಿಲ ಬಗ್ಗೆ. ಒಂದು ಬಸಳೆ ಚಪ್ಪರ, ಎರಡು ಓಳಿ ಹರಿವೆ, ನಾಲ್ಕು ಊರಕೋಳಿ, ಕೊಟ್ಟಿಗೆಯಲ್ಲೊಂದು ಗಿಡ್ಡ ದನ. ಇಷ್ಟಕ್ಕೂ ಒಂದು ಚರಿತ್ರೆ ಇದೆ. ಆದರೆ ಸರ್ಕಾರಿ ಕಾಗದದಲ್ಲಿ ಹುಡುಕಿದರೆ ಅದು ಸಿಗುವುದು ಬಹಳ ಕಡಿಮೆ.

ಸರ್ಕಾರ ಬರೆದಿಟ್ಟದ್ದು ಕಂದಾಯ ಕೊಡುವ ನೆಲವನ್ನು. 1801ರಲ್ಲಿ ಕಂಪನಿ ಸರ್ಕಾರದ ಪರವಾಗಿ ಸಮೀಕ್ಷೆಗೆ ಹೊರಟ ಫ್ರಾನ್ಸಿಸ್ ಬುಕಾನನ್ ಈ ಕರಾವಳಿಯಲ್ಲಿ ಹಾಯ್ದು ಹೋದ. ಭಟ್ಕಳದ ಹೊಳೆಗೆ ವರ್ಷವರ್ಷವೂ ಮಣ್ಣಿನ ಕಟ್ಟು ಹಾಕಿ ಗದ್ದೆಗೆ ನೀರು ತಿರುಗಿಸುವುದನ್ನು ಕಂಡು ಬರೆದ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆಮೇಲೆ ಬಂದ ಮೋಜಣಿಯವರು ನೆಲವನ್ನು ತರಿ (ಗದ್ದೆ), ಬಾಗಾಯ್ತು (ತೋಟ), ಖುಷ್ಕಿ (ಒಣನೆಲ) ಎಂದು ವಿಂಗಡಿಸಿದರು. ಭತ್ತ ಲೆಕ್ಕಕ್ಕೆ ಬಂತು, ತೆಂಗು ಅಡಿಕೆಗಳೂ ಬಂದವು. ಬಚ್ಚಲ ನೀರಿನಲ್ಲಿ ಬೆಳೆದ ಬಸಳೆಗೆ ಅಲ್ಲಿ ಜಾಗವಿರಲಿಲ್ಲ. ಸಂತೆಗಲ್ಲದೆ ಸಾರಿಗೆಂದು ಬೆಳೆದದ್ದು, ಅದರಲ್ಲೂ ಹೆಂಗಸರು ಬೆಳೆದದ್ದು, ದಫ್ತರದ ಕಣ್ಣಿಗೆ ಬೀಳಲಿಲ್ಲ. ಹಾಗಾಗಿ ಹಿತ್ತಿಲ ಚರಿತ್ರೆಯನ್ನು ಹಿತ್ತಿಲಿನಲ್ಲೇ ಓದಬೇಕು.

ಅಲ್ಲಿ ಬೆಳೆದ ಒಂದೊಂದಕ್ಕೂ ಒಂದೊಂದು ವಯಸ್ಸು. ಬದನೆ, ಸೌತೆ, ಹೀರೆ, ಪಡುವಲ, ಕೆಸು, ಬಸಳೆ ಈ ನೆಲದ ಹಳೆಯ ವಾಸಿಗಳು. ಅಲಸಂದೆ ಆಫ್ರಿಕಾದಿಂದ ಬಂದು ಸಾವಿರಾರು ವರ್ಷ ಕಳೆದು ನಮ್ಮದೇ ಆಗಿದೆ. ಹಸಿಮೆಣಸು, ಸಿಹಿಗೆಣಸು, ಪಪ್ಪಾಯಿ, ಪೇರಲೆ, ಬೇಲಿಯಾಚೆಯ ಗೇರು ಇವೆಲ್ಲ ಅಮೆರಿಕ ಖಂಡದವು. ಪೋರ್ಚುಗೀಸರ ಹಡಗು ಓಡಾಡತೊಡಗಿದ ಮೇಲೆ ಬಂದವು. 1502ರಲ್ಲಿ ವಾಸ್ಕೋ ಡ ಗಾಮ ಭಟ್ಕಳಕ್ಕೆ ಬಂದು ಬೆದರಿಸಿ ಅಕ್ಕಿಯನ್ನು ಕಪ್ಪವಾಗಿ ಕೇಳಿದ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅದೇ ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಕಾಳುಮೆಣಸು ಹುಡುಕಿ ಬಂದವರ ಕಾಲದಲ್ಲೇ ಹಸಿಮೆಣಸು ನಮ್ಮ ಹಿತ್ತಿಲು ಸೇರಿತು. ಇಂದು ಅದಿಲ್ಲದ ಮೀನುಸಾರನ್ನಾಗಲಿ ತಂಬುಳಿಯನ್ನಾಗಲಿ ನಾವು ಊಹಿಸಲಾರೆವು.

ಇನ್ನು ದನದ ಮಾತು. ಕರಾವಳಿಯ ಹಿತ್ತಿಲು ದನವಿಲ್ಲದೆ ಆಗುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದುದಕ್ಕೆ ಗಟ್ಟಿ ಕಾರಣವಿದೆ. ನಮ್ಮದು ಚಿರೇಕಲ್ಲಿನ ಕೆಂಪು ನೆಲ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಹೊಯ್ಯುತ್ತದೆ. ಮಣ್ಣಿನ ಸತ್ವ ಪ್ರತಿ ಆಷಾಢದಲ್ಲೂ ತೊಳೆದು ಹೊಳೆಗೆ, ಅಲ್ಲಿಂದ ಕಡಲಿಗೆ ಹೋಗುತ್ತದೆ. ಹೋದದ್ದನ್ನು ಪ್ರತಿ ವರ್ಷ ತುಂಬಲೇಬೇಕು. ಬೇಸಿಗೆಯಲ್ಲಿ ಹೆಂಗಸರು ಬೆಟ್ಟದಲ್ಲಿ ದರಕು, ಅಂದರೆ ಒಣ ಎಲೆ, ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಿದ್ದರು. ಮಳೆಗಾಲದಲ್ಲಿ ಹಸಿ ಸೊಪ್ಪು. ದನ ಅದನ್ನು ತುಳಿದು, ಸಗಣಿ ಗಂಜಲ ಬೆರೆಸಿ ಗೊಬ್ಬರ ಮಾಡಿಕೊಡುತ್ತಿತ್ತು. ಮಲೆನಾಡು ಗಿಡ್ಡ ಮೈಯಲ್ಲಿ ಚಿಕ್ಕದು, ಜೋರು ಮಳೆಗೆ ಒಗ್ಗಿದ್ದು, ಗುಡ್ಡ ಹತ್ತಿ ಸಿಕ್ಕಿದ್ದನ್ನು ಮೇಯ್ದು ಸಂಜೆ ತಾನಾಗಿ ಮನೆಗೆ ಬರುವಂಥದ್ದು. ದಿನಕ್ಕೆ ಎರಡು ಮೂರು ಲೀಟರು ಹಾಲು ದಾಟುವುದಿಲ್ಲ. ಹಾಲಿನ ಲೆಕ್ಕ ಮಾತ್ರ ಹಾಕಿದವರು ಅದನ್ನು ಬಿಟ್ಟುಕೊಟ್ಟರು. ಗೊಬ್ಬರವನ್ನೂ ಸೇರಿಸಿ ಲೆಕ್ಕ ಹಾಕಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಋಣವನ್ನು ನಮ್ಮವರು ಮರೆತಿರಲಿಲ್ಲ. ದೀಪಾವಳಿಯ ಗೋಪೂಜೆಯ ದಿನ ದನದ ಮೈ ತೊಳೆದು, ಶೇಡಿ ಎಂಬ ಬಿಳಿಮಣ್ಣು ಮತ್ತು ಕೆಮ್ಮಣ್ಣು ಕಲಸಿ, ಅಕ್ಕಿ ಅಳೆಯುವ ಸಿದ್ದೆಯ ಬಾಯನ್ನು ಅದರಲ್ಲಿ ಅದ್ದಿ ಮೈತುಂಬ ದುಂಡಗೆ ಅಚ್ಚು ಒತ್ತುತ್ತಾರೆ. ಕೊರಳಿಗೆ ಅಡಿಕೆ, ಹೂವುಗಳ ಮಾಲೆ ಬೀಳುತ್ತದೆ. ಒಳಗೆ ಬಲೀಂದ್ರನ ಮುಂದೆ ಮೊಗೆಕಾಯಿ, ಅಂದರೆ ಸಾಂಬಾರ್ ಸೌತೆ, ಕೂತಿರುತ್ತದೆ. ಕೊಟ್ಟಿಗೆ ಮತ್ತು ತರಕಾರಿ ಒಂದೇ ಹಬ್ಬದಲ್ಲಿ ಪೂಜೆಗೊಳ್ಳುವುದು ನನಗೆ ತುಂಬ ಅರ್ಥಪೂರ್ಣವಾಗಿ ಕಾಣುತ್ತದೆ.

ಮೊಗೆಕಾಯಿಯ ವಿಷಯ ಬಂತು, ಸ್ವಲ್ಪ ನಿಲ್ಲುತ್ತೇನೆ. ಭತ್ತ ಕೊಯ್ದ ಗದ್ದೆಯಲ್ಲಿ ಅದರ ಬೀಜ ಬೀಳುತ್ತದೆ, ಬೇಸಿಗೆಯಲ್ಲಿ ಕಾಯಿ ಬಲಿಯುತ್ತದೆ. ಬಲಿತ ಕಾಯನ್ನು ತೊಟ್ಟು ಸಮೇತ ಕೊಯ್ದು, ಬಾಳೆನಾರಿನಿಂದ ಸುತ್ತು ಹಾಕಿ, ಮಾಡಿನ ಪಕಾಸಿಗೆ ಸಾಲಾಗಿ ತೂಗುಬಿಡುತ್ತಿದ್ದರು. ಒಂದು ಇನ್ನೊಂದಕ್ಕೆ ತಾಗಬಾರದು, ತಾಗಿದಲ್ಲಿ ಕೊಳೆಯುತ್ತದೆ. ಒಲೆಯ ಹೊಗೆ ಆಡುವ ಆ ಜಾಗದಲ್ಲಿ ಕಾಯಿ ತಿಂಗಳುಗಟ್ಟಲೆ ಕೆಡದೆ ಉಳಿದು, ಮಳೆಯಲ್ಲಿ ಹಿತ್ತಿಲಿಗೆ ಕಾಲಿಡಲಾಗದ ದಿನಗಳಲ್ಲಿ ಹುಳಿಗೆ ಒದಗುತ್ತಿತ್ತು. ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿ ಇಡುತ್ತಿದ್ದರು. ಆ ಬೂದಿಯೇ ಗಿಡಕ್ಕೆ ಔಷಧವೂ ಹೌದು: ಅಲಸಂದೆಗೆ ಹೇನು ಬಿದ್ದರೆ ಮುಂಜಾನೆಯ ಇಬ್ಬನಿ ಆರುವ ಮೊದಲೇ ಎಲೆಯ ಮೇಲೆ ಉದುರಿಸಬೇಕು, ಆಗ ಅಂಟಿ ನಿಲ್ಲುತ್ತದೆ. ಮೀನು ತೊಳೆದ ನೀರು ಮಲ್ಲಿಗೆ ಬುಡಕ್ಕೆ, ಅಕ್ಕಿ ತೊಳೆದ ನೀರು ದನದ ಬಾನಿಗೆ. ಕೋಳಿಗೆ ಭತ್ತದ ಜಳ್ಳು, ಕಣದಲ್ಲಿ ಉದುರಿದ ಕಾಳು, ಗೊಬ್ಬರಗುಂಡಿಯ ಹುಳ. ಅದೇ ಕೋಳಿ ಹರಿವೆಯ ಓಳಿಗೆ ನುಗ್ಗಿದರೆ ಅರ್ಧ ಗಳಿಗೆಯಲ್ಲಿ ಎಲ್ಲ ಕೆದರಿ ಹಾಕುತ್ತದೆ. ಅದಕ್ಕೇ ತರಕಾರಿಗೆ ಬೇಲಿ ಮೊದಲು, ಬೀಜ ಆಮೇಲೆ.

ಕುಮಟಾ ಕಡೆ ಈ ವಿದ್ಯೆ ಹಿತ್ತಿಲು ದಾಟಿ ಗದ್ದೆಗೆ ಹೋಯಿತು. ಹಾಲಕ್ಕಿ ಒಕ್ಕಲಿಗ ಹೆಂಗಸರು ತರಕಾರಿ ಬೆಳೆದು ತಲೆಹೊರೆಯಲ್ಲಿ ಪೇಟೆಗೆ ತಂದು ಮಾರಿದ್ದು ಆ ಊರುಗಳ ಅಡುಗೆಮನೆಗಳಿಗೆಲ್ಲ ಗೊತ್ತು. ಅಳ್ವೆಕೋಡಿ, ಹಂದಿಗೋಣದ ಸಿಹಿ ಈರುಳ್ಳಿ ಇಂದಿಗೂ ಹೆದ್ದಾರಿಯ ಬದಿಯಲ್ಲಿ ಗೊಂಚಲುಗೊಂಚಲಾಗಿ ತೂಗುತ್ತದೆ. ಅಂಕೋಲೆಯ ತುಳಸಿ ಗೌಡರು, ಶಾಲೆ ಕಾಣದ ಹಾಲಕ್ಕಿ ಅಮ್ಮ, ಬೀಜ ಮತ್ತು ಸಸಿಗಳ ಜ್ಞಾನಕ್ಕಾಗಿ ಪದ್ಮಶ್ರೀ ಪಡೆದರು. ಭಟ್ಕಳದಲ್ಲಿ ಮನೆಯಂಗಳದ ಮಲ್ಲಿಗೆ ಎಷ್ಟೋ ಸಂಸಾರಗಳಿಗೆ ಕೈಖರ್ಚಿನ ದಾರಿಯಾಯಿತು.

ಆದರೆ ಹಿತ್ತಿಲಿಗೆ ಮೊದಲು ನೆಲ ಬೇಕು; ಗೇಣಿದಾರನಿಗೆ ತನ್ನದೆಂಬ ನೆಲ ದಕ್ಕಲು ಬಹಳ ಕಾಲ ಹಿಡಿಯಿತು. ದಿನಕರ ದೇಸಾಯಿಯವರು ಈ ಜಿಲ್ಲೆಯ ರೈತರನ್ನು ಸಂಘಟಿಸಿ 1940ರಲ್ಲಿ ಗಡೀಪಾರಾದರು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ನಾಳೆ ಏಳಿಸಿಯಾರು ಎಂಬ ಹೆದರಿಕೆ ಇರುವಲ್ಲಿ ಯಾರೂ ನುಗ್ಗೆ, ಹಲಸು ನೆಡುವುದಿಲ್ಲ. ಆ ಹೆದರಿಕೆ ಹೋದದ್ದು ಹಿತ್ತಿಲಿಗೆ ಸಿಕ್ಕ ದೊಡ್ಡ ಬಲ.

ಆಮೇಲೆ ಬೇರೆ ಬದಲಾವಣೆ ಬಂತು. ಗ್ಯಾಸ್ ಒಲೆ ಬಂದು ಹೆಂಗಸರ ಕಣ್ಣು ಉಳಿಯಿತು, ಅದು ಆಗಲೇಬೇಕಿತ್ತು. ಜೊತೆಗೆ ಬೂದಿ ಹೋಯಿತು. ಹಂಚಿನ ಮಾಡು ಹೋಗಿ ಸ್ಲ್ಯಾಬ್ ಬಂದಮೇಲೆ ಮೊಗೆಕಾಯಿ ತೂಗಲು ಪಕಾಸು ಉಳಿಯಲಿಲ್ಲ. ಘಟ್ಟದ ಮೇಲಿನ ತರಕಾರಿ ಲಾರಿಗಳು ದಿನಾ ಇಳಿಯತೊಡಗಿದವು. ಹೆದ್ದಾರಿ ಅಗಲವಾಗುವಾಗ ಹಲವರ ಅಂಗಳ ಕಿರಿದಾಯಿತು. ಮಂಗ ನವಿಲುಗಳ ಹಾವಳಿಗೆ ಬೇಸತ್ತು ಬೀಜ ಹಾಕುವುದನ್ನೇ ಬಿಟ್ಟವರಿದ್ದಾರೆ. ಅವರ ಸಂಕಟ ಸಣ್ಣದಲ್ಲ.

ಆದರೂ 2020ರ ಲಾಕ್‌ಡೌನಿನಲ್ಲಿ ಲಾರಿ ನಿಂತಾಗ ಜನ ಮತ್ತೆ ಹಾರೆ ಹಿಡಿದರು. ಶಿರಸಿಯ ವನಸ್ತ್ರೀ ಬಳಗದ ಹೆಂಗಸರು ಈ ಶತಮಾನದ ಆರಂಭದಿಂದಲೂ ಮನೆಬೀಜ ಉಳಿಸಿ ಹಂಚುತ್ತಿದ್ದಾರೆ. ಕರಾವಳಿಯಲ್ಲೂ ಅಂಥ ಕೈಗಳು ಬೇಕು, ಯಾಕೆಂದರೆ ಬೂದಿಯಲ್ಲಿ ಹೊರಳಿಸಿಟ್ಟ ಬೀಜ ವರ್ಷಗಟ್ಟಲೆ ನೆಲ ಕಾಣದಿದ್ದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಅಂಥ ಬೀಜ ಮನೆಯಲ್ಲಿದ್ದರೆ ಭತ್ತದ ಕೊಯ್ಲು ಮುಗಿದ ಕೂಡಲೇ ಬಿತ್ತಿ, ಮೊದಲು ಬಿಟ್ಟ ಒಳ್ಳೆಯ ಕಾಯಿ ಒಂದನ್ನು ಬೀಜಕ್ಕೆ ಬಿಡಿ. ಬೀಜವಿಲ್ಲದವರು ನೆರೆಮನೆಯಿಂದ ಬಲಿತ ಬಸಳೆ ದಂಟು ಕೇಳಿ ತನ್ನಿ. ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಬಚ್ಚಲ ನೀರು ಹರಿಯುವಲ್ಲಿ ನೆಡಿ.